ಬೊಳ್ಳು ಕಚ್ಚುವ ನಾಯಿಯಲ್ಲ

ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಎಲುಬಿನ ವಿಷಯವನ್ನಲ್ಲ. ‘ಬಾಯಿಗೆ ಕೈ ಹಾಕಿದ್ದೀರಾ?’ ಎಂದು ಕೇಳುತ್ತೇನೆ. ಆ ಸೋಮವಾರ ಬೆಳಿಗ್ಗೆಯೂ ಅದನ್ನೇ ಕೇಳಿದೆ.

“ಕೈ ಹಾಕ್ಲಿಲ್ಲ ಡಾಕ್ಟ್ರೆ, ಒಂದು ಕೋಲು ಹಾಕಿ ನೋಡಿದೆ. ಬಾಯಿ ಮುಚ್ಲಿಕ್ಕೇ ಆಗುದಿಲ್ಲ ಅದಕ್ಕೆ. ಜೊಲ್ಲು ಇಳೀತಾ ಉಂಟು. ನಿನ್ನೆ ಮಧ್ಯಾಹ್ನ ಕೋಳಿ ಮಾಡಿದ್ದು, ಅದರ ಎಲುಬೇ ಇರ್ಬೇಕು.”

“ಕೋಲು ಬಿಸಾಡಿ. ಸೋಪು ಹಾಕಿ ಕೈ ತೊಳೀರಿ. ನಾನು ಬರುವ ತನಕ ಯಾರೂ ಹತ್ತಿರ ಹೋಗುದು ಬೇಡ.”

ಕಡಬ ತಾಲೂಕಿನ ಒಂದು ಸರಕಾರಿ ಪಶು ಚಿಕಿತ್ಸಾಲಯದಲ್ಲಿ ನನ್ನ ಕೆಲಸ. ದಿನದ ಮುಕ್ಕಾಲು ಪಾಲು ದನಗಳದ್ದೇ ಚಾಕರಿ. ನಾಯಿಯ ಕರೆ ಬಂದರೆ ಮಧ್ಯಾಹ್ನದ ಮೇಲೆ ನೋಡೋಣ ಎನ್ನುವವನು ನಾನು. ಆದರೆ ದವಡೆ ಜೋತುಬಿದ್ದ ನಾಯಿಯ ಸುದ್ದಿ ಬೇರೆ. ಹುಚ್ಚುನಾಯಿ ರೋಗ ಎಂದರೆ ಜನರ ಕಣ್ಣಿಗೆ ಬರುವುದು ಬೀದಿಯಲ್ಲಿ ಓಡಿ ಓಡಿ ಕಚ್ಚುವ ನಾಯಿ. ಅದೇ ರೋಗಕ್ಕೆ ಇನ್ನೊಂದು ಮುಖವಿದೆ. ನಾಯಿ ಕಚ್ಚುವುದಿಲ್ಲ, ಬೊಗಳುವುದಿಲ್ಲ, ಸುಮ್ಮನೆ ಕತ್ತಲೆಯ ಮೂಲೆ ಹುಡುಕಿ ಮಲಗುತ್ತದೆ. ಗಂಟಲ ನರಗಳು ಸೋತು ನುಂಗಲು ಆಗುವುದಿಲ್ಲ, ಕೆಳದವಡೆ ಬಿದ್ದುಹೋಗುತ್ತದೆ. ನೋಡಿದವರಿಗೆ ಎಲುಬು ಸಿಕ್ಕಿದ ಹಾಗೆಯೇ ಕಾಣುತ್ತದೆ. ನಾಯಿಯ ಮೇಲೆ ಪ್ರೀತಿ ಇದ್ದವರು ಬಾಯಿಗೆ ಕೈ ಹಾಕುತ್ತಾರೆ. ಈ ರೂಪದಲ್ಲಿ ರೋಗ ಹಿಡಿಯುವುದು ಪ್ರೀತಿ ಇದ್ದವರನ್ನೇ.

ಆಲಂಕಾರಿನಿಂದ ಒಳರಸ್ತೆಯಲ್ಲಿ ಸ್ವಲ್ಪ ದೂರ ಅವರ ಮನೆ. ಅಡಿಕೆ, ತೆಂಗು ಇರುವ ಅನುಕೂಲಸ್ಥ ಕುಟುಂಬ. ಯಜಮಾನರು, ಅವರ ಹೆಂಡತಿ, ತಾಯಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಾಲ್ಕನೇ ಕ್ಲಾಸು, ಚಿಕ್ಕವಳು ಅಂಗನವಾಡಿ. ನಾಯಿಯ ಹೆಸರು ಬೊಳ್ಳು. ಬೆಳ್ಳಗಿರುವ ನಾಯಿಗೆ ತುಳುವಿನಲ್ಲಿ ಇಡುವ ಹೆಸರು. ನಮ್ಮ ಕಡೆ ಮೂರು ಮನೆಗೊಂದು ಬೊಳ್ಳು ಸಿಗುತ್ತದೆ.

ಈ ಬೊಳ್ಳು ಸೌದೆ ಕೊಟ್ಟಿಗೆಯ ಒಳಗೆ, ಕಟ್ಟಿಗೆ ರಾಶಿಯ ಸಂದಿನಲ್ಲಿ ಮಲಗಿತ್ತು. ಟಾರ್ಚು ಬಿಟ್ಟೆ. ದವಡೆ ಜೋತುಬಿದ್ದಿತ್ತು, ನಾಲಿಗೆ ಒಣಗಿ ಕಪ್ಪಾಗಿತ್ತು. ನನ್ನನ್ನು ನೋಡಿಯೂ ನೋಡದ ಹಾಗಿತ್ತು. ಅಷ್ಟರಲ್ಲಿ ನನ್ನ ಹಿಂದೆ ಅಂಗಳದಿಂದ ದೊಡ್ಡವಳು “ಬೊಳ್ಳೂ” ಎಂದು ಮೆಲ್ಲಗೆ ಕರೆದಳು. ನಾಯಿಯ ಬಾಲ ನೆಲಕ್ಕೆ ಎರಡು ಸಲ ಬಡಿಯಿತು. ಮಿದುಳನ್ನೇ ರೋಗ ತಿನ್ನುತ್ತಿರುವಾಗ ಆ ದನಿಯೊಂದು ಅದರೊಳಗೆ ಎಲ್ಲಿ ಉಳಿದಿತ್ತೋ. ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥದ್ದನ್ನು ಕಂಡದ್ದು ಅದೇ ಮೊದಲು.

ಮತ್ತೆ ಹೊರಗೆ ಬಂದು ನನ್ನ ಎಂದಿನ ದೊಡ್ಡ ಗಂಟಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಇದು ಯಾರಿಗಾದ್ರೂ ಕಚ್ಚಿದ್ರೆ ಈಗಲೇ ಹೇಳಿ. ಕಚ್ಚಿದ ನಾಯಿ ಆದ್ರೆ ಹೀಗೆ ಇಡ್ಲಿಕ್ಕೆ ಆಗುದಿಲ್ಲ, ಬೇರೆ ವ್ಯವಸ್ಥೆ ಮಾಡ್ಬೇಕಾಗ್ತದೆ.”

ನನ್ನ ಮನಸ್ಸಿನಲ್ಲಿದ್ದದ್ದು ಗೂಡು, ಬೀಗ, ಆಸ್ಪತ್ರೆಯ ಚೀಟಿ. ಕೇಳಿದವರಲ್ಲಿ ಒಬ್ಬಳು ಒಂಬತ್ತು ವರ್ಷದವಳು ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ‘ಬೇರೆ ವ್ಯವಸ್ಥೆ’ ಎಂದರೆ ಅವಳಿಗೆ ಏನು ಕೇಳಿಸಿತು ಎಂದು ಗೊತ್ತಾಗಲು ನನಗೆ ಐದು ದಿನ ಬೇಕಾಯಿತು.

“ನೀನು ಮುಟ್ಟಿದ್ದೀಯಾ?” ಎಂದು ಅವಳನ್ನು ಕೇಳಿದೆ.

“ಇಲ್ಲ ಮಾಮ.”

ನನ್ನ ಮುಖವನ್ನೇ ನೋಡಿ ಹೇಳಿದಳು. ಅವಳ ಎರಡೂ ಅಂಗೈಗೆ ಹೊಸ ಮದರಂಗಿ. ಬಲಗೈಯಲ್ಲಿ ಹೆಬ್ಬೆರಳಿನ ಬುಡದವರೆಗೆ ದಪ್ಪಗೆ ಮೆತ್ತಿದ ಗುರುತು. “ಎಂತ, ಮನೆಯಲ್ಲಿ ಮದುವೆ ಉಂಟಾ?” ಎಂದು ತಮಾಷೆ ಮಾಡಿದೆ. ಅವಳು ಕೈಗಳನ್ನು ಬೆನ್ನ ಹಿಂದೆ ಮಾಡಿದಳು. ನಾಚಿಕೆ ಎಂದುಕೊಂಡೆ.

ಈ ವರ್ಷದ ಲಸಿಕೆ ಕೊಡಿಸಿದ್ದೀರಾ ಎಂದದ್ದಕ್ಕೆ ಯಜಮಾನರು ತಲೆ ತುರಿಸಿಕೊಂಡರು. “ಕ್ಯಾಂಪಿನ ದಿನವೇ ತೋಟಕ್ಕೆ ಮದ್ದು ಬಿಡ್ಲಿಕ್ಕೆ ಜನ ಬಂದದ್ದು ಡಾಕ್ಟ್ರೆ. ಮತ್ತೆ ಮರೆತೇ ಹೋಯ್ತು.” ತಿಂಗಳ ಹಿಂದೆ ಯಾವುದೋ ಅಲೆಮಾರಿ ನಾಯಿಯೊಂದಿಗೆ ಬೊಳ್ಳು ಜಗಳಾಡಿ ಕಿವಿ ಹರಿದುಕೊಂಡದ್ದೂ ಆಗ ಹೊರಗೆ ಬಂತು. ಬೈಯಬೇಕೆಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಕೊಟ್ಟಿಗೆಯ ಬಾಗಿಲು ಕಟ್ಟಿಸಿದೆ. ಮನೆಯವರೆಲ್ಲ ಇವತ್ತೇ ಆಸ್ಪತ್ರೆಗೆ ಹೋಗಬೇಕು ಎಂದೆ.

ಸಂಜೆ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಕೋಲು ಹಾಕಿದ ಯಜಮಾನರಿಗೂ ಜೊಲ್ಲು ಒರಸಿದ ಹೆಂಡತಿಗೂ ಲಸಿಕೆ ಶುರು ಮಾಡಿದ್ದರು. “ಮಕ್ಕಳು ಮುಟ್ಲೇ ಇಲ್ಲ ಅಂತಾರೆ. ದೊಡ್ಡ ಹುಡುಗಿಯನ್ನು ಎರಡು ಸಲ ಕೇಳಿದೆ. ನಿಮ್ಮ ರಿಪೋರ್ಟು ಬರಲಿ, ನೋಡುವ” ಎಂದರು. ಸರಿ ಎಂದೆ. ಇವತ್ತಾಗಿದ್ದರೆ ಸರಿ ಎನ್ನುತ್ತಿರಲಿಲ್ಲ. ಇಂಥ ಮನೆಯ ಮಕ್ಕಳನ್ನು ಕೇಳುತ್ತಾ ಕೂರಬಾರದು, ಚುಚ್ಚಿಸಿಬಿಡಬೇಕು. ಅದನ್ನು ನನಗೆ ಪುಸ್ತಕ ಕಲಿಸಲಿಲ್ಲ.

ಬುಧವಾರ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಬೊಳ್ಳು ಸತ್ತಿತು.

ನಾನೂ ನಮ್ಮ ಅಟೆಂಡರೂ ಹೋದೆವು. ಅವರು ನನಗಿಂತ ಹಿರಿಯರು, ಕೈ ನಡುಗದವರು. ಬಾವಿಯಿಂದ ದೂರ, ಗುಡ್ಡೆಯ ಬದಿಯಲ್ಲಿ ಗುಂಡಿ ತೆಗೆಸಿದೆವು, ಆಳು ನಿಂತರೆ ತಲೆ ಮಾತ್ರ ಕಾಣುವಷ್ಟು ಆಳ. ಎರಡು ಜೊತೆ ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ, ಮೇಲಿಂದ ಪ್ಲಾಸ್ಟಿಕ್ ನಿಲುವಂಗಿ. ಆ ಸೆಕೆಯಲ್ಲಿ ಐದು ನಿಮಿಷಕ್ಕೆ ಬನಿಯನು ಹಿಂಡುವಷ್ಟು ಬೆವರು. ರೋಗ ಇದೆಯೇ ಇಲ್ಲವೇ ಎಂದು ಖಚಿತವಾಗಬೇಕಾದರೆ ಮಿದುಳಿನ ಚೂರು ಬೇಕು. ತಲೆ ಒಡೆಯಬೇಕೆಂದಿಲ್ಲ. ಕುತ್ತಿಗೆಯ ಹಿಂಬದಿಯಲ್ಲಿ, ತಲೆಬುರುಡೆ ಬೆನ್ನುಮೂಳೆಗೆ ಸೇರುವ ತೂತಿನ ಮೂಲಕ ತೆಗೆಯಲು ಬರುತ್ತದೆ. ಚಮಚದಂಥ ಉಪಕರಣ ಒಳಗೆ ಬಿಟ್ಟು ಕಡಲೆ ಗಾತ್ರದ ನಾಲ್ಕೈದು ಚೂರು ತೆಗೆದೆ, ದ್ರಾವಣ ಇದ್ದ ಸೀಸೆಗೆ ಹಾಕಿ ಮುಚ್ಚಳ ಬಿಗಿದೆ. ಒಂದರ ಮೇಲೊಂದು ಮೂರು ಕವರು, ಐಸು ತುಂಬಿದ ಪೆಟ್ಟಿಗೆ. ಗುಂಡಿಗೆ ಸುಣ್ಣ, ಬೊಳ್ಳು, ಮತ್ತೆ ಸುಣ್ಣ, ಮಣ್ಣು. ಕೊಟ್ಟಿಗೆಯ ನೆಲಕ್ಕೆ ಬ್ಲೀಚಿಂಗ್ ಪೌಡರಿನ ನೀರು. ಅಟೆಂಡರು ಪೆಟ್ಟಿಗೆ ಹಿಡಿದು ಅದೇ ದಿನ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೊರಟರು.

ನಾನು ನಿಲುವಂಗಿ ಕಳಚುತ್ತಿದ್ದಾಗ ಮಕ್ಕಳ ತಾಯಿ ಬಂದು ಕೇಳಿದರು. “ಸಂಜೆ ಮಕ್ಕಳು ಬಂದು ಬೊಳ್ಳು ಎಲ್ಲಿ ಕೇಳಿದ್ರೆ ಎಂತ ಹೇಳುದು?”

“ಡಾಕ್ಟ್ರು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ ಅಂತ ಹೇಳಿ” ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ, ಅಭ್ಯಾಸದಿಂದ ಬಂದ ಮಾತು. ನಾನು ಹೂತ ನಾಯಿಗಳಲ್ಲಿ ಎಷ್ಟೋ ನಾಯಿಗಳು ಮಕ್ಕಳ ಪಾಲಿಗೆ ಇವತ್ತಿಗೂ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಗ್ಲೂಕೋಸು ಹಾಕಿಸಿಕೊಂಡು ಮಲಗಿವೆ. ಮಕ್ಕಳು ನಾಲ್ಕು ದಿನ ಕೇಳುತ್ತಾರೆ, ಐದನೇ ದಿನ ಮರೆಯುತ್ತಾರೆ ಎಂಬುದು ನಮ್ಮೆಲ್ಲರ ನಂಬಿಕೆ. ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ಅಜ್ಜಿ ಕೂಡ ಮೆಚ್ಚಿಕೊಂಡರು. “ಅದೇ ಒಳ್ಳೇದು. ಸಣ್ಣ ಮಕ್ಕಳಿಗೆ ಸತ್ತ ಸುದ್ದಿ ಎಂತಕ್ಕೆ?”

ಶುಕ್ರವಾರ ಸಂಜೆ ಕೆಲಸ ಮುಗಿಸಿ ಕುಂಬ್ರದಲ್ಲಿರುವ ನನ್ನ ಮನೆಗೆ ಹೋಗುವ ದಾರಿಯಲ್ಲಿ ಚಹಾ ಕುಡಿಯುತ್ತಿದ್ದೆ. ಯಜಮಾನರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ದೊಡ್ಡವಳು.

“ಮಾಮ, ಬೊಳ್ಳು ಊಟ ಮಾಡ್ತದಾ?”

“ಹ್ಞಾ, ಸ್ವಲ್ಪ ಗಂಜಿ ಕುಡಿದಿದೆ” ಎಂದುಬಿಟ್ಟೆ. ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ಎಷ್ಟು ಸಲೀಸು.

“ಮಾಮ, ಅಲ್ಲಿಯ ಡಾಕ್ಟ್ರಿಗೆ ಹೇಳಿ. ಅದು ಕಚ್ಚುವ ನಾಯಿ ಅಲ್ಲ ಅಂತ ಹೇಳಿ. ಯಾರಿಗೂ ಕಚ್ಲಿಲ್ಲ ಅಂತ.”

“ಹೇಳ್ತೇನೆ.”

“ಮರೀಬೇಡಿ, ಆಯ್ತಾ?”

ಶನಿವಾರ ಬೆಳಿಗ್ಗೆ ಪ್ರಯೋಗಾಲಯದಿಂದ ಕರೆ ಬಂತು. ಪಾಸಿಟಿವ್. ನನಗೆ ಆಶ್ಚರ್ಯವಾಗಲಿಲ್ಲ. ಫೋನಿಟ್ಟು ರಿಜಿಸ್ಟರಿನಲ್ಲಿ ಬರೆಯಲು ಹೊರಟವನಿಗೆ ಹಿಂದಿನ ಸಂಜೆಯ ಮಾತು ತಲೆಯೊಳಗೆ ತಿರುಗಿತು. ಕಾಯಿಲೆ ಬಿದ್ದ ನಾಯಿಯ ಬಗ್ಗೆ ಮಕ್ಕಳು ಕೇಳುವುದು ಯಾವಾಗ ಮನೆಗೆ ಬರುತ್ತದೆ ಎಂದು. ಇವಳು ಅದನ್ನು ಕೇಳಲೇ ಇಲ್ಲ. ಕಚ್ಚುವ ನಾಯಿಯಲ್ಲ ಎಂದು ವಕೀಲರ ಹಾಗೆ ವಾದಿಸಿದಳು. ನಾಯಿ ಕಚ್ಚಿದೆ ಎಂದು ಅವಳಿಗೆ ಹೇಳಿದವರು ಯಾರು? ಯಾರೂ ಹೇಳಿಲ್ಲ. ಪೆನ್ನು ಅಲ್ಲೇ ಬಿಟ್ಟು ಎದ್ದೆ. ಈ ರೋಗ ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಅದಕ್ಕೆ ಮದ್ದಿಲ್ಲ. ಕಾಣಿಸಿಕೊಳ್ಳುವ ಮೊದಲು ಮಾತ್ರ ಉಂಟು. ಆ ‘ಮೊದಲು’ ಎಂಬುದು ಎಷ್ಟು ದಿನ ಎಂದು ಯಾರಿಗೂ ಗೊತ್ತಿಲ್ಲ.

ಅವರ ಮನೆಗೆ ತಲುಪುವಾಗ ಜಗಲಿಯಲ್ಲಿ ಬ್ಯಾಗು ತುಂಬಿಸಿಟ್ಟಿದ್ದರು. ಶನಿವಾರದ ಅರ್ಧ ದಿನದ ಶಾಲೆ ಮುಗಿದು ಮಕ್ಕಳು ಬಂದಿದ್ದರು. ಸಂಜೆಯ ಬಸ್ಸಿಗೆ ಇಬ್ಬರನ್ನೂ ಅರಂತೋಡಿನಲ್ಲಿರುವ ತಾಯಿಯ ತವರಿಗೆ ಕಳಿಸುವುದೆಂದು ಮಾತಾಗಿತ್ತು. ಅಲ್ಲಿ ದೊಡ್ಡಮ್ಮನ ಮಕ್ಕಳೊಂದಿಗೆ ಆಡಿ ಬೊಳ್ಳುವನ್ನು ಮರೆಯಲಿ ಎಂದು.

ದೊಡ್ಡವರನ್ನು ಹಿತ್ತಿಲಿಗೆ ಕರೆದು ರಿಪೋರ್ಟಿನ ವಿಷಯ ಹೇಳಿದೆ. ಮಕ್ಕಳ ತಾಯಿ ಓಡಿಹೋಗಿ ಇಬ್ಬರ ಕೈಕಾಲನ್ನೂ ನೋಡಿ ಬಂದರು. “ಎಂತ ಇಲ್ಲ ಡಾಕ್ಟ್ರೆ. ದೊಡ್ಡವಳ ಕೈಯಲ್ಲಿ ಮದರಂಗಿ ಮಾತ್ರ.” ನಾನು ಅವಳನ್ನು ಕರೆದು ಮತ್ತೆ ಕೇಳಿದೆ. ಮೆತ್ತಗೆ ಕೇಳಿದೆ, ಗದರಿಸಿ ಕೇಳಿದೆ, ಚಾಕಲೇಟು ಕೊಡಿಸುತ್ತೇನೆ ಎಂದೂ ಕೇಳಿದೆ. “ಇಲ್ಲ ಮಾಮ” ಎಂಬ ಒಂದೇ ಮಾತು. ಮದರಂಗಿಯ ಕೈಗೆ ನಾನು ಕೈ ಚಾಚಿದಾಗ ಮುಷ್ಟಿ ಬಿಗಿಹಿಡಿದಳು.

ಆ ಮುಷ್ಟಿಯನ್ನು ಬಲವಂತದಿಂದ ಬಿಡಿಸಬಹುದಿತ್ತು. ಯಜಮಾನರು ಅದಕ್ಕೇ ಮುಂದೆ ಬಂದರು. ಬೇಡ ಎಂದೆ. ಕೈಯನ್ನು ನಾನು ನೋಡಬಹುದು. ಆದರೆ ಏನಾಯಿತು, ಯಾವತ್ತು ಆಯಿತು, ಎಷ್ಟು ಒಳಗೆ ಹೋಯಿತು ಎಂಬುದನ್ನು ಅವಳೇ ಹೇಳಬೇಕು. ಇನ್ನು ಒಂದು ತಿಂಗಳು ಅವಳು ಸೂಜಿಗೆ ತೋಳು ಕೊಡಬೇಕು. ಅಷ್ಟೂ ಸಲ ಹಿಡಿದು ಕಟ್ಟಿ ಹಾಕಲಾಗುತ್ತದೆಯೇ? ಆಗ ನನಗೆ ಹೊಳೆಯಿತು. ನನ್ನ ಸುಳ್ಳಿನಲ್ಲಿ ಬೊಳ್ಳು ಜೀವಂತ ಇದೆ. ಜೀವಂತ ಇರುವಷ್ಟು ದಿನ ಇವಳು ಅದನ್ನು ಕಾಯುತ್ತಾಳೆ.

“ನಾಯಿ ಸತ್ತದ್ದನ್ನು ಮಕ್ಕಳಿಗೆ ಹೇಳ್ತೇನೆ” ಎಂದೆ.

“ಬೇಡ ಮಾರಾಯ್ರೆ” ಎಂದರು ಅಜ್ಜಿ. “ನೀವೇ ಆಸ್ಪತ್ರೆ ಅಂತ ಹೇಳಿ ಈಗ ನೀವೇ ಸತ್ತಿತು ಅಂತ ಹೇಳುದಾ? ಮತ್ತೆ ನಿಮ್ಮನ್ನು ಯಾರು ನಂಬ್ತಾರೆ? ಆ ಮಗು ಊಟ ಬಿಡ್ತದೆ.”

ಅಜ್ಜಿ ಹೇಳಿದ್ದರಲ್ಲಿ ನನ್ನನ್ನು ಚುಚ್ಚುವ ಪಾಲು ನಿಜವೇ ಆಗಿತ್ತು. ಮಕ್ಕಳ ತಾಯಿ ಮಾತ್ರ ಅತ್ತೆಯ ಮುಖ ನೋಡದೆ, “ಹೇಳಿ ಡಾಕ್ಟ್ರೆ” ಎಂದರು.

ಜಗಲಿಯ ಮೆಟ್ಟಿಲಲ್ಲಿ ಇಬ್ಬರು ಮಕ್ಕಳ ನಡುವೆ ಕುಳಿತೆ.

“ಬೊಳ್ಳು ಸತ್ತುಹೋಗಿದೆ” ಎಂದೆ. “ಬುಧವಾರವೇ. ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ಅದು ಸುಳ್ಳು.”

ದೊಡ್ಡವಳು ಸೌದೆ ಕೊಟ್ಟಿಗೆಯ ಕಡೆ ತಿರುಗಿದಳು. ನಾನು ಬಾಯಿಗೆ ಬಂದ ಸಮಾಧಾನದ ಮಾತುಗಳನ್ನೆಲ್ಲ ಹಲ್ಲು ಕಚ್ಚಿ ತಡೆದೆ.

“ಗಂಜಿ ಕುಡಿದಿದೆ ಅಂತ ಹೇಳಿದ್ದು?”

“ಅದೂ ಸುಳ್ಳು.”

“ಯಾರಾದ್ರೂ ಹೊಡೆದು ಸಾಯಿಸಿದ್ದಾ?”

“ಇಲ್ಲ. ಯಾರೂ ಮುಟ್ಲಿಲ್ಲ. ಕಾಯಿಲೆಯಿಂದ ಸತ್ತದ್ದು. ಸೌದೆ ಕೊಟ್ಟಿಗೆಯಲ್ಲೇ, ಮಲಗಿದಲ್ಲಿಯೇ.”

“ಹಾಗಾದ್ರೆ ಇನ್ನು ಅದನ್ನು ಯಾರಿಗೂ ಎಂತ ಮಾಡ್ಲಿಕ್ಕೂ ಆಗುದಿಲ್ಲ, ಅಲ್ವಾ?”

“ಆಗುದಿಲ್ಲ.”

ಅವಳು ಬಲಗೈಯ ಮುಷ್ಟಿ ಬಿಚ್ಚಿ ನನ್ನ ಮಡಿಲಲ್ಲಿ ಇಟ್ಟಳು.

ಹೆಬ್ಬೆರಳಿನ ಬುಡದಲ್ಲಿ, ಮದರಂಗಿಯ ಕೆಂಪಿನೊಳಗೆ, ಒಂದು ಅಕ್ಕಿಕಾಳಿನಷ್ಟು ಉದ್ದದ ಗಾಯ. ಮೇಲೆ ಒಣಗಿತ್ತು. ಭಾನುವಾರ ಸಂಜೆ ಎಲುಬು ತೆಗೆಯಲೆಂದು ಅವಳು ಬೊಳ್ಳುವಿನ ಗಂಟಲಿನವರೆಗೆ ಕೈ ಹಾಕಿದ್ದಳು. ತೆಗೆಯುವಾಗ ಹಲ್ಲು ತಾಗಿ ರಕ್ತ ಬಂತು. ಬೊಳ್ಳು ಕಚ್ಚಿದ್ದಲ್ಲ, ತನ್ನ ಕೈಯೇ ಹೋಗಿ ತಾಗಿದ್ದು ಎಂದು ಮೂರು ಸಲ ಹೇಳಿದಳು. ಕಚ್ಚಿತು ಎಂದು ಯಾರಾದರೂ ಅಂದುಕೊಂಡಾರು ಎಂಬ ಹೆದರಿಕೆಯಿಂದ ಅದೇ ಸಂಜೆ ಅಜ್ಜಿಯ ಹತ್ತಿರ ಮದರಂಗಿ ಅರೆಸಿಕೊಂಡು ಗಾಯದ ಮೇಲೆ ಮೆತ್ತಿದಳು. ಒಂದೇ ಕೈಗಾದರೆ ಸಂಶಯ ಬಂದೀತೆಂದು ಎರಡೂ ಕೈಗೆ. ಮರುದಿನ ನಾನು ಬಂದು ದೊಡ್ಡ ಗಂಟಲಿನಲ್ಲಿ ‘ಬೇರೆ ವ್ಯವಸ್ಥೆ’ ಎಂದೆ. ಹೊಡೆದು ಸಾಯಿಸುವುದು ಎಂದೇ ಅವಳಿಗೆ ಕೇಳಿಸಿತು. ಆಮೇಲೆ ಅವಳ ಬಾಯಿ ಬೀಗ ಹಾಕಿದ ಹಾಗಾಯಿತು. ಅಪ್ಪ, ಅಮ್ಮ, ನಾನು, ಆಸ್ಪತ್ರೆಯ ಡಾಕ್ಟರು, ಇಷ್ಟು ಜನ ಕೇಳಿದರೂ ಆ ಬೀಗ ತೆರೆಯಲಿಲ್ಲ.

ನಾನು ಬೆರಗಾಗಿ ಆ ಸಣ್ಣ ಕೈಯನ್ನೇ ನೋಡುತ್ತಿದ್ದೆ. ದೊಡ್ಡವರಲ್ಲಿ ಇಷ್ಟು ಗಟ್ಟಿ ನಿಷ್ಠೆಯನ್ನು ನಾನು ಕಂಡದ್ದಿಲ್ಲ. ಅಷ್ಟರಲ್ಲಿ ಚಿಕ್ಕವಳು ನನ್ನ ಅಂಗಿ ಎಳೆದು, “ಮಾಮ, ನನ್ನ ಬಾಯಿಗೂ ನೆಕ್ಕಿದೆ. ಅಕ್ಕ ಹೇಳ್ಬೇಡ ಅಂತ ಹೇಳಿದ್ದು” ಎಂದಳು. ಎಲ್ಲರ ಜೀವ ಇನ್ನೊಂದು ಸಲ ಹೋಗಿ ಬಂತು.

ಅಂಗಳದ ನಳ್ಳಿಯಲ್ಲಿ ನೀರು ಬಿಟ್ಟು ಸೋಪು ಹಚ್ಚಿ ಕಾಲು ಗಂಟೆ ಆ ಗಾಯ ತೊಳೆದೆ. ಆರು ದಿನದ ಮೇಲೆ ತೊಳೆದು ಏನು ಪ್ರಯೋಜನ ಎಂದು ಕೇಳಬಹುದು. ತಡವಾಯಿತೆಂದು ಬಿಡುವ ಹಾಗಿಲ್ಲ, ನಿಯಮ ಹಾಗೆಯೇ. ಯಜಮಾನರ ಕಾರಿನಲ್ಲಿ ಹೊರಟೆವು. ಮುಂದೆ ಅವರು ಮತ್ತು ಚಿಕ್ಕವಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿ, ಹಿಂದೆ ನಾನು ಮತ್ತು ದೊಡ್ಡವಳು. ಮೊದಲು ಹೋದ ಕಡೆ ಲಸಿಕೆ ಇತ್ತು, ಸೀರಂ ಮುಗಿದಿತ್ತು. ಲಸಿಕೆ ಮೈಯನ್ನು ಹೋರಾಟಕ್ಕೆ ಸಿದ್ಧ ಮಾಡಲು ದಿನಗಳು ಬೇಕು. ಅಲ್ಲಿಯವರೆಗೆ ಗಾಯದಲ್ಲೇ ಕಾವಲು ನಿಲ್ಲುವುದು ಸೀರಂ. ಅದಿಲ್ಲದೆ ಆಗುವುದಿಲ್ಲ ಎಂದು ಕಾರು ಪುತ್ತೂರಿಗೆ ತಿರುಗಿಸಿದೆವು. ಯಜಮಾನರು ಕಾರು ಓಡಿಸುತ್ತಿದ್ದರು. ಲಸಿಕೆ ಕ್ಯಾಂಪಿನ ದಿನವನ್ನು ಅವರು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದರೋ.

ದಾರಿಯಲ್ಲಿ ದೊಡ್ಡವಳು ಕೇಳಿದಳು. “ಅದಕ್ಕೆ ಆ ಕಾಯಿಲೆಯೇ ಅಂತ ನಿಮಗೆ ಹೇಗೆ ಗೊತ್ತಾದ್ದು?”

ಇನ್ನು ಸುಳ್ಳು ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿದ್ದೆ. “ಸತ್ತ ಮೇಲೆ ಅದರ ಮಿದುಳಿನಿಂದ ಸಣ್ಣ ಚೂರು ತೆಗೆದು ಬೆಂಗಳೂರಿಗೆ ಕಳಿಸಿದೆ. ಅದನ್ನು ನೋಡಿ ಅವರು ಹೇಳಿದ್ರು.”

ತಾಯಿ ತಿರುಗಿ ನೋಡಿದರು, ಇದನ್ನೆಲ್ಲ ಹೇಳಬೇಕಿತ್ತೇ ಎಂಬಂತೆ.

“ಅದಕ್ಕೆ ನೋವಾಗ್ಲಿಲ್ವಾ?”

“ಸತ್ತ ಮೇಲೆ ನೋವು ಇಲ್ಲ.”

ಅವಳು ಮದರಂಗಿಯ ಅಂಗೈ ಬಿಡಿಸಿ ನೋಡಿಕೊಂಡಳು. “ಆ ಚೂರು ನೋಡದಿದ್ರೆ ನನ್ನನ್ನು ಈಗ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿರ್ಲಿಲ್ಲ, ಅಲ್ವಾ?”

“ಇಲ್ಲ. ಅರಂತೋಡಿನ ಬಸ್ಸಿನಲ್ಲಿ ಇರ್ತಿದ್ದೆ.”

“ಹಾಗಾದ್ರೆ ಬೊಳ್ಳುವೇ ಹೇಳಿದ್ದು” ಎಂದಳು.

ಪ್ರಯೋಗಾಲಯದ ರಿಪೋರ್ಟುಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಅವು ಯಾರಾದರೂ ಹೇಳುವ ಮಾತು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಸೀರಂ ಇತ್ತು. ತೂಕ ನೋಡಿ ಅದಕ್ಕೆ ಸರಿಯಾಗಿ ಸೀರಂ ಲೆಕ್ಕ ಹಾಕಿದರು. ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ, ಮೈಗೆ ಒಗ್ಗುತ್ತದೋ ಎಂದು ಕಾದರು. ತೋಳಿಗೆ ಲಸಿಕೆ. ಮತ್ತೆ ಸೀರಂ. ಅದನ್ನು ತೋಳಿಗೆ ಕೊಟ್ಟರೆ ಸಾಲದು, ಗಾಯದ ಒಳಗೂ ಸುತ್ತಲೂ ತುಂಬಬೇಕು. ಹೆಬ್ಬೆರಳಿನ ಬುಡ ಎಂದರೆ ಚರ್ಮದ ಕೆಳಗೆ ಜಾಗವೇ ಇಲ್ಲ. ಗಟ್ಟಿ ಗಂಡಸರು ಅಲ್ಲಿ ಕೂಗುತ್ತಾರೆ. ಹಿಡಿಯಲು ಇಬ್ಬರು ನರ್ಸುಗಳು ಬಂದರು. “ಹಿಡೀಬೇಡಿ, ನಾನೇ ಇಡ್ತೇನೆ” ಎಂದು ಅವಳು ಕೈಯನ್ನು ಮೇಜಿನ ಮೇಲಿಟ್ಟಳು. ಇನ್ನೊಂದು ಕೈಯಿಂದ ನನ್ನ ಬೆರಳು ಹಿಡಿದು, “ಬೊಳ್ಳುವನ್ನು ಎಲ್ಲಿ ಮಣ್ಣು ಮಾಡಿದ್ದು, ಹೇಗೆ ಮಾಡಿದ್ದು, ಎಲ್ಲ ಹೇಳಿ” ಎಂದಳು. ನಾನು ಗುಂಡಿಯ ಆಳ ಹೇಳಿದೆ, ಸುಣ್ಣ ಹಾಕಿದ್ದು ಹೇಳಿದೆ, ತಲೆ ಯಾವ ದಿಕ್ಕಿಗೆ ಇತ್ತೆಂದು ಹೇಳಿದೆ. ಸೂಜಿ ನಾಲ್ಕು ಕಡೆ ಹೋಯಿತು. ಅವಳ ಕಣ್ಣಲ್ಲಿ ನೀರು ತುಂಬಿತು, ಕೆಳಗೆ ಬೀಳಲಿಲ್ಲ. ಕೈ ಅಲುಗಲಿಲ್ಲ. ಅಕ್ಕನ ಪಾಲಿನ ಬೊಬ್ಬೆಯನ್ನೂ ಸೇರಿಸಿ ಚಿಕ್ಕವಳು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದಳು. ಅವಳನ್ನು ಹಿಡಿಯಲು ಅಪ್ಪ, ಅಮ್ಮ ಇಬ್ಬರೂ ಬೇಕಾಯಿತು.

ಮೂರನೇ ದಿನ, ಮಂಗಳವಾರ, ಎರಡನೇ ಲಸಿಕೆ. ಮುಗಿಸಿ ಬಂದ ಮಕ್ಕಳಿಗೆ ಬೊಳ್ಳುವನ್ನು ಹೂತ ಜಾಗ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹೋದೆ. ಮಣ್ಣು ಇನ್ನೂ ಕೆಂಪಗಿತ್ತು. ಇಬ್ಬರೂ ನಿಂತು ನೋಡಿದರು, ಏನು ಮಾಡಬೇಕೆಂದು ಗೊತ್ತಾಗದೆ. ನನಗೂ ಗೊತ್ತಿರಲಿಲ್ಲ. ಹೂಳುವುದು ಗೊತ್ತು, ಆಮೇಲಿನದ್ದು ನಮ್ಮ ಇಲಾಖೆಯ ಕೆಲಸವಲ್ಲ.

ಆಗ ಹಿಂದಿನಿಂದ ಅಜ್ಜಿ ಬಂದರು. ಕೈಯಲ್ಲಿ ನೀರಿನ ತಂಬಿಗೆ, ಅದರಲ್ಲಿ ಒಂದು ತುಳಸಿ ಕುಡಿ. ಮೂರು ದಿನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ ಅವರು.

“ನಮ್ಮಲ್ಲಿ ಜೀವ ಹೋಗುವಾಗ ಬಾಯಿಗೆ ನೀರು ಬಿಡ್ಲಿಕ್ಕೆ ಉಂಟು” ಎಂದು ಮಕ್ಕಳಿಗೆ ಹೇಳಿದರು. “ಪಾಪ, ಅದಕ್ಕೆ ನೀರು ನುಂಗ್ಲಿಕ್ಕೆ ಆಗ್ತಿರ್ಲಿಲ್ಲ. ಆವತ್ತು ನಿಮ್ಮನ್ನು ಕರೀಲೂ ಇಲ್ಲ ನಾವು. ಈಗ ಬಿಡಿ. ಈಗ ಕುಡೀತದೆ.”

ಇಬ್ಬರೂ ಬಗ್ಗಿ ಮಣ್ಣಿಗೆ ನೀರು ಬಿಟ್ಟರು. ಬಿಸಿಲಿಗೆ ಒಣಗಿದ ಮಣ್ಣು ಒಂದೇ ಉಸಿರಿಗೆ ಹೀರಿತು. “ಕುಡೀತು” ಎಂದಳು ಚಿಕ್ಕವಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ನಾಯಿಗೆ ಇದೆಲ್ಲ ಶಾಸ್ತ್ರದಲ್ಲಿ ಉಂಟೋ ಇಲ್ಲವೋ ನನಗೆ ತಿಳಿಯದು.

ಏಳನೇ ದಿನ, ಹದಿನಾಲ್ಕನೇ ದಿನ. ಅವತ್ತು ಬೇರೆ ಕೆಲಸ ಇದ್ದರೂ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಹೋಗಬೇಕಾದ ಅಗತ್ಯ ಇರಲಿಲ್ಲ. ಮನೆಯಲ್ಲಿ ಸುಮ್ಮನೆ ಕುಳಿತರೆ ಆರು ದಿನ, ಆರು ದಿನ ಎಂದು ತಲೆಯ ಒಳಗಿನಿಂದ ಯಾರೋ ಹೇಳಿದ ಹಾಗಾಗುತ್ತಿತ್ತು. ಆ ಆರರಲ್ಲಿ ಐದು ದಿನವನ್ನು ಕೊಟ್ಟವನು ನಾನು. ದೊಡ್ಡವಳು ಅಷ್ಟೂ ಸಲವೂ ತಾನೇ ತೋಳು ಚಾಚಿದಳು. ಅಷ್ಟು ದಿನದಲ್ಲಿ ಅವಳು ಒಮ್ಮೆಯೂ ಅಳಲಿಲ್ಲ. ಸೂಜಿಗೂ ಇಲ್ಲ, ಬೊಳ್ಳುವಿಗೂ ಇಲ್ಲ. ಅವಳ ತಾಯಿ ಅದೇ ಚಿಂತೆ ಹಚ್ಚಿಕೊಂಡಿದ್ದರು. “ಅತ್ತುಬಿಟ್ಟಿದ್ರೆ ಒಳ್ಳೇದಿತ್ತು ಡಾಕ್ಟ್ರೆ. ಇದು ಎಂತ ಮನಸ್ಸೋ, ಕಲ್ಲಿನ ಹಾಗೆ.”

ಇಪ್ಪತ್ತೆಂಟನೇ ದಿನ ಕೊನೆಯ ಲಸಿಕೆ. ಆಸ್ಪತ್ರೆಯ ಡಾಕ್ಟರು ಚೀಟಿಯಲ್ಲಿ ಕೊನೆಯ ಗುರುತು ಹಾಕಿ, “ಮುಗೀತು ಪುಟ್ಟಿ. ಧೈರ್ಯವಂತೆ ನೀನು” ಎಂದರು.

“ಇನ್ನು ನನಗೆ ಆ ಕಾಯಿಲೆ ಬರುದಿಲ್ವಾ?”

“ಬರುದಿಲ್ಲ.”

“ಖಂಡಿತ?”

ಡಾಕ್ಟರು ನನ್ನ ಕಡೆ ನೋಡಿದರು. ನಮ್ಮ ವೃತ್ತಿಯಲ್ಲಿ ಖಂಡಿತ ಎಂಬ ಪದವನ್ನು ನಾವು ಸುಲಭಕ್ಕೆ ಬಳಸುವುದಿಲ್ಲ. ಇವಳಿಗೆ ಸುಳ್ಳು ಹೇಳುವ ಹಾಗಿಲ್ಲ ಎಂದು ಅವರಿಗೂ ಅಷ್ಟು ದಿನದಲ್ಲಿ ಗೊತ್ತಾಗಿತ್ತು. “ಈ ಮದ್ದು ಎಲ್ಲ ಸರಿಯಾಗಿ ತಕ್ಕೊಂಡವರಿಗೆ ಬಂದದ್ದನ್ನು ನಾನು ನೋಡ್ಲಿಲ್ಲ” ಎಂದರು.

ಅವಳು ತಲೆಯಾಡಿಸಿದಳು. ಹೊರಗೆ ಬಂದು ಬೆಂಚಿನಲ್ಲಿ ಕುಳಿತಳು. ಕುಳಿತವಳು ಇದ್ದಕ್ಕಿದ್ದಂತೆ ಅಳತೊಡಗಿದಳು. ಸಣ್ಣ ಅಳುವಲ್ಲ, ಮೈಯೆಲ್ಲ ಅಲುಗುವ ಅಳು. ತಾಯಿ ಗಾಬರಿಯಾಗಿ ತೋಳು ಮುಟ್ಟಿ, “ನೋವುಂಟಾ? ಎಲ್ಲಿ?” ಎಂದರು.

ಅವಳು ತಲೆ ಅಲ್ಲಾಡಿಸಿದಳು.

“ನಾನು ಸತ್ತಿದ್ರೆ ಎಲ್ಲರೂ ಬೊಳ್ಳುವೇ ಸಾಯಿಸಿದ್ದು ಅಂತ ಹೇಳ್ತಿದ್ರು” ಎಂದಳು. “ಇನ್ನು ಯಾರೂ ಹೇಳುದಿಲ್ಲ.”

ಒಂದು ತಿಂಗಳು ಅವಳು ತೋಳು ಚಾಚಿದ್ದು ಯಾತಕ್ಕೆಂದು ಆಗ ನನಗೆ ತಿಳಿಯಿತು. ತಾಯಿ ಅವಳನ್ನು ಎದೆಗೆ ಒತ್ತಿಕೊಂಡರು. “ಅಳ್ಬೇಡ” ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು, ಅವಳು ಬೊಳ್ಳುವಿಗಾಗಿ ಅತ್ತು ಮುಗಿಸುವವರೆಗೆ ಕಾದೆ.